ಬಂಡೆಯ ಬಾಯಿಪಾಠ

“ಎದ್ದೇಳೋ ಬೋಳಿಮಗನೆ! ಚಾಂಪಿಯನ್ ಕೈ ಇನ್ನೂ ಬಿಸಿಯಾಗಿಲ್ಲ, ಆಗಲೇ ಹಾಸಿಗೆ ಹಾಸ್ಕೊಂಡ್ಯಾ?”

ಬಾಕ್ಸಿಂಗ್ ಕ್ಲಬ್ಬಿನ ಯಜಮಾನ ರಿಂಗಿನ ಹಗ್ಗದಾಚೆಯಿಂದ ಕೂಗುತ್ತಿದ್ದ. ಬಿದ್ದಿದ್ದವನು ನನ್ನ ಗಂಡ. ಹದಿನಾಲ್ಕು ವರ್ಷದಿಂದ ಅವನ ಕೆಲಸ ಇಷ್ಟೇ, ಚಾಂಪಿಯನ್ನುಗಳ ಅಭ್ಯಾಸಕ್ಕೆ ತಲೆಯೊಡ್ಡುವುದು. ಅಲ್ಲಿ ಬಿದ್ದ ಬೆವರು, ರಕ್ತ ಒರೆಸುವುದು ನನ್ನ ಕೆಲಸ. ಎಷ್ಟು ಹೊಡೆದರೂ ಏಳುತ್ತಾನೆಂದು ಎಲ್ಲರೂ ಅವನನ್ನು ಬಂಡೆ ಎನ್ನುತ್ತಾರೆ. ಬಂಡೆಗೆ ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಮೊನ್ನೆ ಸಕ್ಕರೆ ಡಬ್ಬಿಯಲ್ಲಿ ಚಪ್ಪಲಿ ಇಟ್ಟ. ನಾನು ನಕ್ಕಿದ್ದಕ್ಕೆ ಕುತ್ತಿಗೆ ಹಿಡಿದ. ಬಿಟ್ಟ ಮೇಲೆ ತಾನೇ ಗಳಗಳ ಅತ್ತ. ಅವತ್ತಿನಿಂದ ಅವನು ಎದುರಿಗಿದ್ದರೂ ನನಗೆ ಹೆದರಿಕೆ, ಕಾಣದಿದ್ದರೂ ಹೆದರಿಕೆ.

ಇವತ್ತು ಡಾಕ್ಟರ ತಪಾಸಣೆ. ಪಾಸಾದರೆ ಇನ್ನೊಂದು ವರ್ಷ ಏಟು. ಅಷ್ಟು ದಿನ ಅವನು ಉಳಿಯುವುದಿಲ್ಲ.

“ಇನ್ನೊಂದ್ಸಲ ಹೇಳೋ,” ಯಜಮಾನ ಅವನ ಕೆನ್ನೆ ತಟ್ಟಿದ.

“ಕುರ್ಚಿ, ನಿಂಬೆ, ಹಗ್ಗ, ದೀಪ, ಹಕ್ಕಿ.”

ಡಾಕ್ಟರು ಐದು ಪದ ಹೇಳಿ, ಹತ್ತು ನಿಮಿಷದ ಮೇಲೆ ನೆನಪಿದೆಯೇ ಎಂದು ಕೇಳುತ್ತಾರೆ. ವರ್ಷಾ ವರ್ಷಾ ಅವೇ ಐದು. ಯಜಮಾನ ತಿಂಗಳ ಮೊದಲೇ ಬಾಯಿಪಾಠ ಮಾಡಿಸುತ್ತಾನೆ. ಹೋದ ವರ್ಷ ಮನೆಯಲ್ಲಿ ಕೂರಿಸಿಕೊಂಡು ಹೇಳಿಸಿದವಳು ನಾನೇ. ಪಾಸಾದಾಗ ಸಿಹಿ ಬೇರೆ ಹಂಚಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಕ್ಲಬ್ಬಿನ ಆಫೀಸಿನಲ್ಲಿ ಡಾಕ್ಟರು ಕೂತರು. ಅವರು ಪದ ಹೇಳುವ ಮೊದಲೇ ನನ್ನ ಗಂಡ ಐದನ್ನೂ ಪಟಪಟನೆ ಒಪ್ಪಿಸಿಬಿಟ್ಟ. ಅವರು ತಲೆಯನ್ನೂ ಎತ್ತಲಿಲ್ಲ. “ಚುರುಕಾಗಿದಾನೆ,” ಎಂದು ಮೊಹರು ಕೈಗೆತ್ತಿಕೊಂಡರು.

ನೆಲ ಒರೆಸುತ್ತಿದ್ದವಳು ಬಟ್ಟೆ ಬಿಸಾಕಿ ಎದ್ದೆ.

“ಸಾರ್, ನಾನ್ಯಾರು ಅಂತ ಕೇಳಿ ಅವನನ್ನ.”

“ಏಯ್, ಹೊರಗೆ ನಡಿಯೇ ಸೂಳೆ!” ಯಜಮಾನ ನನ್ನ ರಟ್ಟೆ ಹಿಡಿದು ಎಳೆದ. “ಅವನು ಮನೇಲಿ ಕೂತ್ರೆ ನಿಂಗೂ ಇಲ್ಲಿ ಕೆಲ್ಸ ಇಲ್ಲ, ಗೊತ್ತೇನೇ?”

ಗೊತ್ತಿತ್ತು. ಕೈ ಕೊಸರಿಕೊಂಡು, ಮೊಹರು ಬೀಳಬೇಕಿದ್ದ ಕಾಗದದ ಮೇಲೆ ಒದ್ದೆ ಅಂಗೈ ಊರಿದೆ.

“ಹೊಡೀರಿ, ನನ್ನ ಕೈ ಮೇಲೇ ಹೊಡೀರಿ. ಮೊದ್ಲು ಕೇಳಿ ಸಾರ್!”

ಡಾಕ್ಟರು ಗಡಿಯಾರ ನೋಡಿದರು. “ಯಾರಯ್ಯ ಇವಳು?”

ನನ್ನ ಗಂಡ ನನ್ನನ್ನೇ ನೋಡಿದ. ಹೆಸರು ಬೇಡ, ಒಂದು ಬೈಗುಳವಾದರೂ ಬರಲಿ ಎಂದು ಕಾದೆ. ಅವನ ತುಟಿ ಅದುರಿತು. ಯಜಮಾನನ ಕಡೆ ತಿರುಗಿದ. ಆಮೇಲೆ ಕೈಕಟ್ಟಿ ನೆಟ್ಟಗೆ ನಿಂತ.

“ಕುರ್ಚಿ,” ಎಂದ. “ನಿಂಬೆ, ಹಗ್ಗ...”

ನಾನು ಕಾಗದದ ಮೇಲಿಂದ ಕೈ ತೆಗೆಯಲಿಲ್ಲ.