ಆ ಮನೆಯಲ್ಲಿ ಕಚ್ಚಲ್ವಂತೆ

ಹಿಮ್ಮಡಿಗೆ ಚುರುಕ್ ಎಂದಿತು — ಇರುವೆಯಲ್ಲ, ಸೂಜಿಯೂ ಅಲ್ಲ, ಮತ್ತೆ ಅದೇ, ಸದ್ದಿಲ್ಲದೆ ಮೇಜಿನ ಕೆಳಗೆ ಬಂದು ಕೂತಿದೆ, ಬಟಾಣಿ, ಹೆಸರಿಗೆ ತಕ್ಕ ಹಾಗೆ ಮುಷ್ಟಿಯಷ್ಟು ನಾಯಿಮರಿ, ಎಷ್ಟು ತಿಂದರೂ ಬೆಕ್ಕಿನ ಗಾತ್ರ ಮೀರುವುದಿಲ್ಲವಂತೆ ಈ ಜಾತಿ, ಆದರೆ ಹಲ್ಲು, ಅಬ್ಬಬ್ಬಾ, ಅಕ್ಕಿಕಾಳಿನಷ್ಟೇ ಇರುವ ಹಾಲುಹಲ್ಲು, ತುದಿ ಮಾತ್ರ ಗುಂಡುಪಿನ್ನು, ಕಾಲು ಎಳೆದುಕೊಂಡರೆ ಆಟವೆಂದುಕೊಂಡು ಇನ್ನೊಂದು ಕಾಲಿಗೆ ಬಾಯಿ ಹಾಕುತ್ತದೆ, ಥೂ, ಬಿಡೋ, ಬಿಡು ಅಂದೆನಲ್ಲ, ಕೈಯಲ್ಲಿದ್ದ ಮೇಣದ ಒಸಡು ಅಲುಗಾಡಿ ಕೂರಿಸಿದ ಕೋರೆಹಲ್ಲು ವಾರೆಯಾಯಿತು, ಮತ್ತೆ ಕಾಯಿಸಬೇಕು, ಮತ್ತೆ ಊರಬೇಕು, ಯಾರೋ ಬೊಚ್ಚುಬಾಯಿಯ ಅಜ್ಜನ ಹಲ್ಲುಸೆಟ್ಟು ಇದು, ಪಾಪ, ಅಜ್ಜ ನಕ್ಕರೆ ವಾರೆಹಲ್ಲು ಕಾಣಬಾರದು. ಹಲ್ಲಿನ ಡಾಕ್ಟರು ಅಚ್ಚು ಕಳಿಸುತ್ತಾರೆ, ಇವಳು ಮನೆಯ ಈ ಮೂಲೆಯಲ್ಲಿ ಕೂತು ಹಲ್ಲು ಕಟ್ಟುತ್ತಾಳೆ, ಇಷ್ಟು ವರ್ಷ ಅದೇ ಕೆಲಸ, ಎಷ್ಟೋ ದವಡೆಗಳು ಈ ಕೈಯಲ್ಲಿ ಹಾದು ಹೋಗಿವೆ, ಒಂದಾದರೂ ಕಚ್ಚಿತ್ತೇ, ಇದೊಂದೇ ಕಚ್ಚುವುದು, ಅದೂ ಇವಳನ್ನೇ, ಈ ಮನೆಯಲ್ಲೇ. ಆ ಮನೆಯಲ್ಲಿ ಕಚ್ಚಲ್ವಂತೆ.

ಆ ಮನೆ ಎಂದರೆ ಎಷ್ಟು ದೂರ, ಎರಡು ಬೀದಿ ಆಚೆ, ಹಾಲಿನ ಅಂಗಡಿಯ ಮೇಲಿನ ಮನೆ, ಬಾಲ್ಕನಿಯಲ್ಲಿ ಹೂವಿನ ಕುಂಡ ಬೇರೆ, ಅಲ್ಲಿರುವುದು ಗಂಡನ ಮೊದಲ ಹೆಂಡತಿ, ಇವಳು ಸಾಕಿದ ಹುಡುಗಿಯ ಹೆತ್ತಮ್ಮ, ಮಗು ತೊದಲುವ ಮೊದಲೇ ಬಿಟ್ಟು ಹೋದವಳು ಹೋದ ವರ್ಷ ಪ್ರತ್ಯಕ್ಷಳಾಗಿದ್ದಾಳೆ, ಕಣ್ಣಲ್ಲಿ ನೀರು, ಕೈಯಲ್ಲಿ ಚಾಕೊಲೇಟು, ಆಮೇಲೆ ಅದೂ ಸಾಲದು ಎಂದು ಬುಟ್ಟಿಯಲ್ಲಿ ಒಂದು ನಾಯಿಮರಿ. ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ, ಹುಡುಗಿ ಹೋದಲ್ಲೆಲ್ಲ ಬುಟ್ಟಿಯೂ ಹೋಗುತ್ತದೆ, ಬುಟ್ಟಿ ಬಂದಾಗಲೆಲ್ಲ ಆ ಮನೆಯ ಸೋಪಿನ ವಾಸನೆ ಬರುತ್ತದೆ, ಮರಿಯ ಮೈಯಿಂದಲೂ, ಹುಡುಗಿಯ ಕೂದಲಿಂದಲೂ. ಹೊಟ್ಟೆಕಿಚ್ಚು ಎನ್ನುತ್ತೀರಾ, ಅನ್ನಿ, ಹೊಟ್ಟೆಕಿಚ್ಚೇ, ಧಗಧಗ ಉರಿಯುತ್ತಿದೆ, ಮುಚ್ಚಿಡುವುದೇನಿದೆ, ಜ್ವರದಲ್ಲಿ ಹಣೆಗೆ ಒದ್ದೆಬಟ್ಟೆ ಹಾಕಿದವಳು ಯಾರು, ಹೇನು ತೆಗೆದವಳು ಯಾರು, ಶಾಲೆಯ ಮೊದಲ ದಿನ ಗೇಟಿನ ಹೊರಗೆ ನಿಂತು ಮಗುವಿಗಿಂತ ಜೋರಾಗಿ ಅತ್ತವಳು ಯಾರು, ಆಗೆಲ್ಲ ಚಿಕ್ಕಮ್ಮ ಬಾ, ಚಿಕ್ಕಮ್ಮ ಎತ್ಕೋ, ನಂಗೆ ನೀನೇ ಊಟ ಮಾಡಿಸ್ಬೇಕು — ಈಗ ನೋಡಿದರೆ ಚಿಕ್ಕಮ್ಮ ಬನ್ನಿ, ಚಿಕ್ಕಮ್ಮ ನೀವು, ಆಕೆಯೇ ಕಲಿಸಿದ್ದು, ದೊಡ್ಡೋರಿಗೆ ಮರ್ಯಾದೆ ಕೊಡ್ಬೇಕು ಪುಟ್ಟಾ, ಅಂದಿರಬೇಕು, ಮರ್ಯಾದೆಯಂತೆ ಮರ್ಯಾದೆ, ಯಾರಿಗೆ ಬೇಕಾಗಿತ್ತು, ತಾನು ಮಾತ್ರ ನೀನು ಎಂದೇ ಕರೆಸಿಕೊಳ್ಳುತ್ತಾಳಲ್ಲ ಆಕೆ. ಮತ್ತೆ ಆ ಹಲ್ಲು, ಹುಡುಗಿಯ ಮುಂದಿನ ಹಲ್ಲು, ದಿನಾ ಬೆಳಿಗ್ಗೆ ಬಾಯಿ ತೆಗೆಸಿ ಇವಳೇ ಅಲ್ಲಾಡಿಸಿ ನೋಡುತ್ತಿದ್ದದ್ದು, ಇವತ್ತಲ್ಲ ನಾಳೆ, ನಾಳೆಯಲ್ಲ ನಾಡಿದ್ದು, ಬಿದ್ದ ಕೂಡಲೇ ಹತ್ತಿಯಲ್ಲಿ ಸುತ್ತಿಡಲು ಪುಟ್ಟ ಡಬ್ಬಿಯನ್ನೂ ತೊಳೆದಿಟ್ಟಿದ್ದಳು, ಇಲ್ಲಿ ಅಲ್ಲಾಡಿದ ಹಲ್ಲು ಅಲ್ಲಿ ಹೋಗಿ ಬಿತ್ತು. ಬುಟ್ಟಿ ಹಿಡಿದು ಬಂದ ಹುಡುಗಿ ಬಾಗಿಲಲ್ಲೇ ಹಲ್ಲು ಕಿರಿದು ತೋರಿಸಿದಾಗ ಅಯ್ಯೋ ಬಂಗಾರಿ ಎಂದು ನಕ್ಕಿದ್ದಳು, ಒಳಗೆ ಹೋಗಿ ಡಬ್ಬಿಗೆ ಸೇಫ್ಟಿಪಿನ್ನು ತುಂಬಿದಳು.

ಇವತ್ತು ಬೆಳಿಗ್ಗೆ ಬ್ರೆಡ್ಡು ಅಗಿಯುತ್ತ ಏನೆಂದಳು ಹುಡುಗಿ, ಎಷ್ಟು ಸಲೀಸಾಗಿ ಅಂದಳು — ಇಲ್ಲಿ ಕಚ್ಚೋದು ಬಿಡದಿದ್ರೆ ಬಟಾಣಿ ಇನ್ಮೇಲೆ ಅಮ್ಮನ ಮನೇಲೇ ಇರ್ಲಿ ಅಂದ್ಲು ಅಮ್ಮ, ಸಂಜೆ ನನ್ನ ಕರ್ಕೊಂಡು ಹೋಗೋಕೆ ಬಂದಾಗ ಇನ್ನೂ ಕಚ್ತಿದ್ಯಾ ಅಂತ ಕೇಳ್ತಾಳೆ. ಇರಲಿ ಬಿಡು, ಒಳ್ಳೇದೇ ಆಯ್ತು, ಎನ್ನಲು ಬಾಯಿ ತೆಗೆದಿದ್ದಳು ಇವಳು, ಅಷ್ಟರಲ್ಲಿ ಬಂತು ಉಳಿದರ್ಧ, ಅದು ಅಲ್ಲಿದ್ರೆ ನಾನೂ ಅಲ್ಲೇ ಇರ್ಬೇಕಾಗತ್ತೆ ಅಲ್ವಾ, ನಾನಿಲ್ದೆ ಅದು ಮಲಗಲ್ಲ. ಚಹಾ ಹಾಗೇ ಕೆಳಗಿಟ್ಟಳು. ಗಂಡನಿಗೆ ಫೋನು ಮಾಡಿದರೆ ಬಸ್ಸು ಓಡಿಸುವವನಿಗೆ ಎಲ್ಲವೂ ಹಾರ್ನಿನ ಹಾಗೆ, ಕೇಳಿ ಮರೆಯುವುದು, ಅಯ್ಯೋ ಮರಿ ಕಣೇ ಅದು, ಕಚ್ಚದೆ ಇನ್ನೇನು ಮುತ್ತು ಕೊಡುತ್ತಾ, ಎಂದು ನಕ್ಕು ಫೋನಿಟ್ಟ. ಇವಳೇನು ಸುಮ್ಮನಿದ್ದಳೇ, ಮರಿ ಕಚ್ಚದ ಹಾಗೆ ಆಕೆ ಆ ಮನೆಯಲ್ಲಿ ಮಾಡುವ ಪಾಠವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದಾಳೆ, ಗದರಿದಳು, ಪೇಪರು ಸುತ್ತಿ ನೆಲಕ್ಕೆ ಬಡಿದಳು, ಬೆರಳಿಗೆ ಹಾಗಲರಸ ಹಚ್ಚಿಕೊಂಡಳು, ಅದು ಚಪ್ಪರಿಸಿ ನೆಕ್ಕಿ ಆಮೇಲೆ ಕಚ್ಚಿತು, ಬಚ್ಚಲಲ್ಲಿ ಕೂಡಿಹಾಕಿದರೆ ಹುಡುಗಿ ಬಚ್ಚಲ ಬಾಗಿಲಿಗೆ ಕೆನ್ನೆ ಇಟ್ಟು ಕೂತಳು. ಆಕೆಯ ಪಾಠ ಮಾಡುವುದೆಂದರೆ ಸೋತ ಹಾಗಲ್ಲವೇ, ಆದರೆ ಸಂಜೆಯಾದರೆ — ಬಿಸಿಲು ಆಗಲೇ ಕಿಟಕಿ ದಾಟಿ ಗೋಡೆಗೆ ಬಂದಿದೆ, ಮೇಣದ ಒಲೆ ಆರಿಸಿದಳು, ಒಳಗೆ ಚಿತ್ರ ಬರೆಯುತ್ತಿದ್ದ ಹುಡುಗಿಯನ್ನು ಕೂಗಿದಳು, ಬಾರೆ ಇಲ್ಲಿ, ನಿಮ್ಮಮ್ಮ ಅದೇನೋ ಮಾಡ್ತಾರಲ್ಲ, ನಂಗೂ ಸ್ವಲ್ಪ ಹೇಳ್ಕೊಡು.

ಹುಡುಗಿಯ ಮುಖ ಊರಗಲವಾಯಿತು. ಚಾಪೆಯ ಮೇಲೆ ಎದುರುಬದುರು ಕೂರಿಸಿದಳು, ಟೀಚರಮ್ಮನ ಠೀವಿ, ನೋಡಿ ಚಿಕ್ಕಮ್ಮ, ಕಚ್ಚಿದ ತಕ್ಷಣ ಕೈ ಎಳ್ಕೋಬಾರ್ದು, ಬೈಬಾರ್ದು, ಅದರ ಅಣ್ತಮ್ಮ ಮರಿಗಳು ನೋವಾದಾಗ ಹೇಗೆ ಕುಂಯ್ ಅಂತಾವೋ ಹಾಗೆ ಕುಂಯ್ ಅನ್ಬೇಕು, ಆಮೇಲೆ ಎದ್ದು ಕೈ ಕಟ್ಕೊಂಡು ಬೆನ್ನು ತಿರುಗಿಸಿ ನಿಂತ್ಕೋಬೇಕು, ಏನೇ ಆದ್ರೂ ಅಲ್ಲಾಡ್ಬಾರ್ದು, ಅದು ಸುಮ್ನಾದ್ರೆ ಮಾತ್ರ ತಿರುಗಿ ಸವರ್ಬೇಕು, ಆಗ ಅದಕ್ಕೆ ಗೊತ್ತಾಗತ್ತೆ, ಕಚ್ಚಿದ್ರೆ ಇವ್ರು ಸಿಗಲ್ಲ ಅಂತ. ಇಷ್ಟೇನಾ, ಎಂದಳು ಇವಳು. ಇನ್ನೂ ಒಂದಿದೆ, ಬೇಜಾರು ಮಾಡ್ಕೋಬೇಡಿ, ನೀವು ಯಾವಾಗ್ಲೂ ಅದರ ತುಟಿ ಎತ್ತಿ ಹಲ್ಲು ನೋಡ್ತೀರಲ್ಲ, ಬಟಾಣಿಗೆ ಅದು ಇಷ್ಟ ಇಲ್ಲ, ಅದಕ್ಕೇ ನಿಮ್ಮನ್ನೇ ಕಚ್ಚೋದು. ಅಯ್ಯೋ ರಾಮ. ಹೌದಲ್ಲ. ಕಂಡಾಗಲೆಲ್ಲ ಕೈ ತಾನಾಗಿ ಹೋಗುತ್ತದೆ, ಹೆಬ್ಬೆರಳಿನಿಂದ ತುಟಿ ಸರಿಸಿ, ಮೇಲಿನ ಸಾಲು ಕೆಳಗಿನ ಸಾಲು, ಕಚ್ಚು ಸರಿಯಾಗಿ ಕೂರುತ್ತದೋ ಇಲ್ಲವೋ, ಕೆಲಸದ ಚಾಳಿ, ಹುಡುಗಿಯ ಬಾಯಿಯನ್ನೂ ಹಾಗೇ ನೋಡುತ್ತಿದ್ದಳಲ್ಲ ದಿನಾ — ಅವಳಿಗೂ ಇಷ್ಟವಿರಲಿಲ್ಲವೋ ಏನೋ, ಕೇಳಿದ್ದಿಲ್ಲ. ಕೈ ಚಾಚಿದಳು, ಅಂಗೈ ಮೇಲೆ ಮಾಡಿ, ತುಟಿ ಮುಟ್ಟದೆ. ಕಚ್ಚಿತು. ಕುಂಯ್ ಎಂದಳು, ತನ್ನ ದನಿಗೆ ತನಗೇ ನಗು ಬಂತು, ಎದ್ದು ಗೋಡೆಗೆ ಮುಖ ಮಾಡಿದಳು, ಈ ವಯಸ್ಸಿಗೆ ಇದೊಂದು ಬಾಕಿಯಿತ್ತು, ಹಿಂದೆ ಉಗುರಿನ ಟಿಕಟಿಕ, ಸೀರೆಯ ಅಂಚು ಜಗ್ಗಿದ್ದು, ಬೊಗಳಿದ್ದು, ಆಮೇಲೆ ಏನೂ ಇಲ್ಲ. ಈಗ ತಿರುಗಿ, ಎಂದು ಹುಡುಗಿ ಪಿಸುಗುಟ್ಟಿದಳು. ಮತ್ತೆ ಕೂತಳು, ಮತ್ತೆ ಎದ್ದಳು, ಮಂಡಿ ಲಟಕ್ ಎಂದಿತು, ಹುಡುಗಿ ಬಿದ್ದು ಬಿದ್ದು ನಕ್ಕಳು, ಎಷ್ಟು ದಿನವಾಗಿತ್ತು ಈ ನಗು ಈ ಕೋಣೆಯಲ್ಲಿ ಕೇಳಿ, ಇನ್ನೊಮ್ಮೆ ಕೈ ಚಾಚಿದಾಗ ಮರಿ ಬಾಯಿ ತೆರೆಯಿತು, ಹಲ್ಲು ತಾಗಿತು, ನಿಂತಿತು, ಹಲ್ಲು ಹಿಂದಕ್ಕೆ ಹೋಗಿ ನಾಲಿಗೆ ಬಂತು, ಬೆಚ್ಚಗೆ, ಒದ್ದೆಯಾಗಿ, ಹೆಬ್ಬೆರಳಿಂದ ಕಿರುಬೆರಳವರೆಗೆ ನೆಕ್ಕಿತು. ನೋಡಿದ್ರಾ ಚಿಕ್ಕಮ್ಮಾ, ಕಚ್ಲಿಲ್ಲ, ಕಚ್ಲಿಲ್ಲ ಎಂದು ಹುಡುಗಿ ಕುತ್ತಿಗೆಗೆ ಜೋತುಬಿದ್ದಳು, ಬೆವರಿನ ಕೂದಲು ಇವಳ ಬಾಯಿಗೆ ಬಂತು, ಸೋಪಿನ ವಾಸನೆ ಗೀಸನೆ ಏನೂ ಇಲ್ಲ, ಬರೀ ಹುಡುಗಿಯ ವಾಸನೆ, ಇಷ್ಟೇ ಸಾಕು ಎಂದುಕೊಂಡಳು.

ಇಷ್ಟೇ ಸಾಕಿತ್ತು. ಆದರೆ ಹುಡುಗಿ ಕೈ ಬಿಡಿಸಿಕೊಂಡು ಫೋನಿನ ಕಡೆ ಓಡಿದಳು, ಅಮ್ಮಂಗೆ ಹೇಳ್ಬೇಕು, ಈಗ್ಲೇ ಹೇಳ್ಬೇಕು, ನೀನು ಹೇಳಿದ್ದು ನಿಜ ಆಯ್ತು ಅಂತ — ಇವಳ ನಾಲಿಗೆಗೆ ಏನಾಗಿತ್ತೋ, ಯಾರೋ ಬೇರೆಯವರು ಮಾತಾಡಿದ ಹಾಗೆ ಕೇಳಿಸಿತು, ಎಲ್ಲಾದಕ್ಕೂ ಅಮ್ಮ ಅಮ್ಮ ಅಮ್ಮ, ಅಷ್ಟು ಪ್ರೀತಿ ಇದ್ದಿದ್ರೆ ಹಾಲು ಕುಡಿಯೋ ಮಗೂನ ಬಿಟ್ಟು ಹೋಗ್ತಿದ್ಲಾ ನಿಮ್ಮಮ್ಮ, ಆಗ ನೀನು ಬೇಡವಾಗಿದ್ದೆ ಅವಳಿಗೆ. ಅಂದೇಬಿಟ್ಟಳು. ಇಷ್ಟು ವರ್ಷ ಗಂಡನ ಮುಂದೆಯೂ ಆಡದ ಮಾತು. ಹುಡುಗಿಯ ಕೈ ಫೋನಿನ ಮೇಲೆ ನಿಂತಿತು, ಕಣ್ಣು ದೊಡ್ಡದಾಯಿತು, ಈಗ ಅಳುತ್ತಾಳೆ, ಈಗ ಕಿರುಚುತ್ತಾಳೆ, ಬುಟ್ಟಿ ಎತ್ತಿಕೊಂಡು ಹೊರಡುತ್ತಾಳೆ, ಏನಾದರೂ ಮಾಡಲಿ, ಹೊಡೆಯಲಿ ಬೇಕಾದರೆ — ಹುಡುಗಿ ಅಳಲಿಲ್ಲ, ಕಿರುಚಲಿಲ್ಲ. ಕುಂಯ್ ಎಂದಳು. ತೀರಾ ಸಣ್ಣಗೆ. ಆಮೇಲೆ ಕೈ ಕಟ್ಟಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಪುಟ್ಟಾ, ಎಂದಳು ಇವಳು, ನಾನು ಹಾಗಂದಿದ್ದು, ಅಲ್ಲ ಕಣೇ, ಬಾಯಿ ತಪ್ಪಿ, ಕೇಳಿಲ್ಲಿ, ನೋಡಿಲ್ಲಿ ನನ್ನ — ಬೆನ್ನು. ಆಕೆ ಕಲಿಸಿದ ಪಾಠ, ಆಕೆಯ ಪಾಠವೇ ತನಗೆ, ತನ್ನ ಮನೆಯಲ್ಲೇ, ಕೋಪ ಬರಬೇಕಿತ್ತು, ಬರುತ್ತಿಲ್ಲ, ಎಷ್ಟು ಸಣ್ಣ ಬೆನ್ನು, ಫ್ರಾಕಿನ ಮೇಲಿನ ಹುಕ್ಕು ಬಿಟ್ಟುಹೋಗಿದೆ, ಹಾಕಲು ಕೈ ಮುಂದೆ ಹೋಗುತ್ತದೆ, ಬೇಡ, ಮುಟ್ಟಬಾರದು, ಸುಮ್ಮನಾದರೆ ಮಾತ್ರ ತಿರುಗುವುದು. ಇವಳು ಸುಮ್ಮನಾದಳು. ಹಲ್ಲಿನ ಮೇಲೆ ಹಲ್ಲು ಇಟ್ಟು ತುಟಿ ಬಿಗಿದು ಚಾಪೆಯ ಮೇಲೆ ಕೂತಳು, ಮರಿಯ ಪಕ್ಕದಲ್ಲಿ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ, ಬಂದಳು ಆಕೆ, ಬೆಲ್ಲು, ಮತ್ತೆ ಬೆಲ್ಲು, ಪುಟ್ಟಾ ಬಾಗಿಲು ತೆಗಿ, ಅಮ್ಮ ಬಂದಿದೀನಿ — ಓಡುತ್ತಾಳೆ ಈಗ, ಓಡಿಯೇ ಓಡುತ್ತಾಳೆ. ಬೆನ್ನು ಅಲ್ಲಾಡಲಿಲ್ಲ. ಬೆಲ್ಲು. ಬಿಟ್ಟುಹೋದ ಹುಕ್ಕು, ಎರಡು ಪುಟ್ಟ ರೆಕ್ಕೆಮೂಳೆ, ಉಸಿರಿಗೆ ಏಳುತ್ತವೆ, ಇಳಿಯುತ್ತವೆ, ಆ ಬೆನ್ನು, ತಿರುಗದ ಆ ಬೆನ್ನು