ಸಿನಿಮಾದಲ್ಲಿ ಅಕ್ಕ ಬಾಗಿಲು ತೆಗೆದಳು

ಅಕ್ಕನ ಕಾದಂಬರಿಯನ್ನು ಮನೆಯಲ್ಲಿ ಪೂರ್ತಿ ಓದಿದವಳು ತಂಗಿ ಒಬ್ಬಳೇ. ಅಮ್ಮ ನಾಲ್ಕು ಪುಟ ಓದಿ, "ಮನೆ ಮಾತು ಬೀದಿಗೆ ತಂದಳಲ್ಲೇ" ಎಂದು ಮುಚ್ಚಿಟ್ಟಿದ್ದಳು. ತೀರಿಕೊಂಡ ಅಪ್ಪ ಅದರಲ್ಲಿ ಬದುಕಿದ್ದಾಗ ಇದ್ದ ಹಾಗೇ ಇದ್ದ. ಕುಡಿದು ಬಂದು ಚಿಕ್ಕ ಮಗಳನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದ. ದೊಡ್ಡವಳು ಹೊರಗೆ ನಿಂತು ಅಳು ಕೇಳಿಸಿಕೊಳ್ಳುತ್ತಿದ್ದಳು. ಚಿಲಕಕ್ಕೆ ಕೈ ಹಾಕಿ, ಹೆದರಿ ಹಿಂದೆಗೆಯುತ್ತಿದ್ದಳು. ಆ ಪುಟ ಓದಿದ ದಿನ ತಂಗಿ, ತಾನು ದುಡಿಯುವ ಇಸ್ತ್ರಿ ಅಂಗಡಿಯ ಹಿಂದಿನ ಗೋಡೆಗೆ ಒರಗಿ ಮನಸಾರೆ ಅತ್ತಿದ್ದಳು. ಅಕ್ಕ ಏನನ್ನೂ ಮರೆತಿರಲಿಲ್ಲ. ಅಷ್ಟು ಸಾಕಾಗಿತ್ತು.

ಕಾದಂಬರಿ ಸಿನಿಮಾ ಆದಾಗ ಮೂವರೂ ಒಟ್ಟಿಗೆ ಹೋಗಿ ಕೂತರು. ತಂಗಿ ಪುಟ ಪುಟವನ್ನೂ ತೆರೆಯೊಂದಿಗೆ ತಾಳೆ ಹಾಕುತ್ತಾ ನೋಡಿದಳು. ಮನೆ ಅರಮನೆಯಾಗಿತ್ತು, ಇರಲಿ. ಅಮ್ಮನಿಗೊಂದು ಹಾಡು ಸಿಕ್ಕಿತ್ತು, ಅದೂ ಇರಲಿ. ಕೋಣೆಯ ದೃಶ್ಯ ಬಂದಾಗ ಅವಳು ಕುರ್ಚಿಯ ತುದಿಗೆ ಸರಿದಳು. ತೆರೆಯ ಮೇಲಿನ ಅಕ್ಕ ಹೆದರಲಿಲ್ಲ. ಕೊಡಲಿ ತಂದು ಚಿಲಕ ಒಡೆದು, ಮಗುವನ್ನು ಎದೆಗವಚಿಕೊಂಡು ಹೊರಬಂದಳು. ಅಪ್ಪ ಮಂಡಿಯೂರಿ ಅತ್ತ. ಜನ ಚಪ್ಪಾಳೆ ತಟ್ಟಿದರು.

"ಪಾಪ, ನಿಮ್ಮಪ್ಪನ ಮನಸ್ಸು ಒಳ್ಳೇದೇ ಇತ್ತು," ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ತಂಗಿ ಅಕ್ಕನನ್ನು ಪಕ್ಕಕ್ಕೆಳೆದಳು.

"ಸಿನಿಮಾದವರು ಕಥೆ ಕುಲಗೆಡಿಸಿಬಿಟ್ಟಿದ್ದಾರಲ್ಲಕ್ಕಾ. ಯಾಕೆ ಸುಮ್ನಿದ್ದೆ?"

"ಅವರಲ್ಲ ಕಣೇ. ಆ ಸೀನು ಬರ್ಕೊಟ್ಟಿದ್ದು ನಾನೇ."

"ನೀನಾ?"

"ಪುಸ್ತಕ ಬರೆಯೋವಾಗ ತಲೆ ಕೆಟ್ಟಿತ್ತು. ಈಗ ಕೂತು ಯೋಚ್ನೆ ಮಾಡಿದ್ರೆ ನಾನು ಬಾಗಿಲು ತೆಗೆದಿದ್ದೆ ಅನ್ಸುತ್ತೆ. ತೆಗೀದೆ ಇರ್ತೀನಾ, ನೀನೇ ಹೇಳು."

ತಂಗಿ ಅವಳ ಮುಖವನ್ನೇ ನೋಡಿದಳು. ಸುಳ್ಳಿನ ಸುಳಿವು ಕಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಅಕ್ಕ ನಿಜವಾಗಿಯೂ ನಂಬಿದ್ದಳು.

"ಬೆಳಗಾದ ಮೇಲೆ ಅಪ್ಪನೇ ತೆಗೆದಿದ್ದು. ನನ್ನ ಬಟ್ಟೆಯೆಲ್ಲ ಒದ್ದೆಯಾಗಿತ್ತು. ನೀನೇ ಬರೆದಿದ್ದೀಯಲ್ಲ!"

"ಕಾದಂಬರಿ ಅಂದ್ಮೇಲೆ ಒಂದಿಷ್ಟು ಉಪ್ಪು ಖಾರ ಹಚ್ಚಲೇಬೇಕು." ಅಕ್ಕ ಅವಳ ಕೆನ್ನೆ ತಟ್ಟಿದಳು. "ನೀನು ಆಗ ಇಷ್ಟೇ ಇಷ್ಟಿದ್ದೆ. ನಿಂಗೇನು ನೆನಪಿರುತ್ತೆ?"

ಅಮ್ಮನ ಕೈ ಹಿಡಿದು ಇಳಿದು ಹೋದಳು.

ಮರುದಿನ ತಂಗಿ ಅಂಗಡಿಗೆ ಹೋದರೆ, ಪಕ್ಕದ ಮೇಜಿನ ಹೆಂಗಸು ಅಂಗಿಗೆ ನೀರು ಚಿಮುಕಿಸುತ್ತಾ ಕಾದಿದ್ದಳು.

"ನೋಡ್ದೆ ಕಣೇ ನಿಮ್ ಸಿನಿಮಾ! ಅಂಥ ಅಕ್ಕ ಸಿಗೋಕೆ ಪುಣ್ಯ ಮಾಡಿರ್ಬೇಕು."

"ಪುಸ್ತಕದಲ್ಲಿ ಹಾಗಿಲ್ಲ," ಎಂದಳು ತಂಗಿ.

"ಪುಸ್ತಕ ಯಾರು ಓದ್ತಾರೆ ಬಿಡು. ಅಕ್ಕ ಕಾಪಾಡಿದ್ದು ನಿಜ ತಾನೇ?"

ತಂಗಿ ಒಂದು ಅಂಗಿ ಎಳೆದು ಮೇಜಿನ ಮೇಲೆ ಹರಡಿದಳು.

"ಹೂಂ," ಎಂದಳು.