ಸುತ್ತು ಬರುವ ಸಿಗರೇಟು

ತಾನಾಗಿ ಎಂದೂ ಕೊಳ್ಳದವನು, ಒಬ್ಬನೇ ಇದ್ದಾಗ ಅದರ ನೆನಪೂ ಆಗದವನು, ಸಿಗರೇಟು ಸೇದುವವನು ಹೇಗಾದಾನು? ಸೇದುವವನೇ ಅಲ್ಲದ ಮೇಲೆ ಬಿಡುವುದಾದರೂ ಏನನ್ನು? ಭಾಲ್ಕಿಯ ಮದುವೆ ಮುಗಿಸಿ ಬಂದಂದಿನಿಂದ ಜೋಯಲ ಇದನ್ನೇ ಮನಸ್ಸಿನಲ್ಲಿ ಮಗುಚಿ ಹಾಕುತ್ತಿದ್ದ. ಅವನ ಜೇಬಿನಲ್ಲಿ ಬೆಂಕಿಪೊಟ್ಟಣ ಇದ್ದದ್ದೇ ಇಲ್ಲ. ಅವನು ಪಾಠ ಹೇಳುವ ಶಾಲೆಯಲ್ಲಿ ಯಾರಿಗೂ ಸಂಶಯವಿಲ್ಲ. ಚರ್ಚಿನಲ್ಲಿ ಕೇಳಿದರೆ ನಕ್ಕುಬಿಟ್ಟಾರು. ಆದರೆ ಲಗ್ನದ ಹಂಗಾಮು ಬಂದು, ಕೆಂಪು ಕೋಟು ತೊಟ್ಟು, ಟ್ರಂಪೆಟ್ ಬಗಲಿಗಿಟ್ಟು ಬ್ಯಾಂಡಿನವರ ನಡುವೆ ನಿಂತನೆಂದರೆ ಅದು ಕೈಯಿಂದ ಕೈಗೆ ಬರುತ್ತಿತ್ತು. ಬಂದದ್ದನ್ನು ಎಳೆದು ಮುಂದೆ ದಾಟಿಸುತ್ತಿದ್ದ. ಇವತ್ತೂ ದಾಟಿಸಿದರೆ ಯಾರ ಗಂಟು ಹೋದೀತು?

ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಬ್ಯಾಂಡು ಸಜ್ಜಾಗುತ್ತಿತ್ತು. ಮದುಮಗ ಇನ್ನೂ ಕುದುರೆ ಏರಿರಲಿಲ್ಲ. ಬ್ಯಾಂಡಿನ ಯಜಮಾನ ಜಹೀರೋದ್ದೀನ ಉಸ್ತಾದರು ಗೋಡೆಯ ನೆರಳಿನಲ್ಲಿ ನಿಂತು ಒಂದು ಸಿಗರೇಟು ಹಚ್ಚಿದರು. ಒಂದೇ. ಎರಡನೆಯದನ್ನು ಹಚ್ಚುವ ಪದ್ಧತಿ ಇರಲಿಲ್ಲ. ಮೆರವಣಿಗೆ ಹೊರಡುವ ಮುಂಚೆ ಆ ಒಂದೇ ಸಿಗರೇಟು ಉಸ್ತಾದರ ತುಟಿಯಿಂದ ಶುರುವಾಗಿ ಎಲ್ಲರ ತುಟಿ ಮುಟ್ಟಿ ಬರಬೇಕು.

ಆ ಪದ್ಧತಿಗೊಂದು ಕಥೆಯಿತ್ತು. ಉಸ್ತಾದರ ಅಪ್ಪ ಸುಭಾನ ಈ ಬ್ಯಾಂಡು ಕಟ್ಟಿದಾಗ ಮೊದಲ ಟ್ರಂಪೆಟ್ ಊದಿದವನು ಜೋಯಲನ ಅಜ್ಜ ಎಲೀಷ. ಒಂದು ಹಳ್ಳಿಯ ಮದುವೆಯಲ್ಲಿ ಮನೆಯವರು ಎಲ್ಲರಿಗೂ ತಂಬಿಗೆಯಲ್ಲಿ ನೀರು ಕೊಟ್ಟು, ಎಲೀಷನೊಬ್ಬನ ಬೊಗಸೆಗೆ ಮಾತ್ರ ಮೇಲಿನಿಂದ ಸುರಿದರು. ಸುಭಾನ ಮುಂದೆ ಬಂದ. ಎಲೀಷನ ತುಟಿಯಲ್ಲಿದ್ದ ಬೀಡಿ ಕಿತ್ತು, ಎಲ್ಲರೂ ನೋಡುತ್ತಿದ್ದಂತೆ ತನ್ನ ತುಟಿಗಿಟ್ಟು ಎಳೆದು, ಪಕ್ಕದವನಿಗೆ ಕೊಟ್ಟ. ಅವನು ಇನ್ನೊಬ್ಬನಿಗೆ ಕೊಟ್ಟ. ಅಂದಿನಿಂದ ಬೀಡಿ ಹೋಗಿ ಸಿಗರೇಟು ಬಂತು, ಜಟಕಾ ಹೋಗಿ ಟೆಂಪೊ ಬಂತು, ಸುತ್ತು ಮಾತ್ರ ನಿಲ್ಲಲಿಲ್ಲ. ಜೋಯಲ ಬಿ.ಎ. ಓದುವಾಗ ಮೊದಲ ಸಲ ಆ ಸುತ್ತಿನಲ್ಲಿ ನಿಂತು ಕೆಮ್ಮಿ ಕಣ್ಣೀರು ಹಾಕಿದ್ದ. ಮನೆಗೆ ಬಂದು ಹೇಳಿದರೆ ಅವನಪ್ಪ ಬೈಯಲಿಲ್ಲ.

ಸಿಗರೇಟು ಈಗ ಢೋಲಿನ ಅಯ್ಯುಬನನ್ನು ದಾಟಿ ಜೋಯಲನ ಕಡೆ ಬಂತು. ಜೋಯಲ ಕೈ ಚಾಚಲಿಲ್ಲ.

"ತಕೊ ಮಾಸ್ತರ, ಕೈ ಸುಡ್ಲಿಕತ್ತದ," ಅಂದ ಅಯ್ಯುಬ.

"ನನಗ ಬ್ಯಾಡ. ಮುಂದ ಕೊಡು."

"ಯಾಕ, ಭಾಭಿ ವಾಸನಿ ಹಿಡದಾರೇನು? ಹೊರಗ ಹಾಕ್ಯಾರೇನು? ನಮ್ಮ ಮನಿಗಿ ಬಾ, ಜಾಗಾ ಅದ."

ಎಲ್ಲರೂ ನಕ್ಕರು. ಜೋಯಲನೂ ನಗಬೇಕೆಂದು ನೋಡಿದ. ತುಟಿ ಒಪ್ಪಲಿಲ್ಲ. "ಬಿಟ್ಟೇನಿ," ಅಂದ.

"ಏನ್ ಬಿಟ್ಟಿ? ವರ್ಷಕ್ಕ ಒಂದ್ ಪಾಕೀಟ್ ಸುದ್ದಾ ಸೇದಂಗಿಲ್ಲ ನೀ. ಕುಡ್ದವ ಬಿಡ್ತಾನ, ಸೇದ್ದವ ಬಿಡ್ತಾನ. ನೀ ಬಿಡ್ಲಾಕ ಏನದ ನಿನ್ನ ಬಲ್ಲಿ?"

ಅಯ್ಯುಬ ಕೇಳಿದ್ದು ಅವನ ಮನಸ್ಸಿನ ಪ್ರಶ್ನೆಯನ್ನೇ. ನಗು ಆರಿದ ಮೇಲೆ ಉಸ್ತಾದರ ದನಿ ಬಂತು. ಅವರು ದನಿ ಎತ್ತುವವರಲ್ಲ.

"ಜೋಯಲ, ನಮ್ಮ ಜೂಠಾ ಬ್ಯಾಡಾಯ್ತಾ ಬೇಟಾ?"

ಎಂಜಲು ಬೇಡವಾಯಿತೇ ಎಂದು ಆ ಮನುಷ್ಯ ತನ್ನನ್ನು ಕೇಳಿದ್ದು ಜೋಯಲನಿಗೆ ಹೊಡೆತದಂತೆ ತಾಗಿತು. "ಹಾಂಗಲ್ರಿ ಚಾಚಾ," ಅಂದ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

ಆ ಮಾತು ಭಾಲ್ಕಿಯದು. ಭಾಲ್ಕಿಯ ಬಸ್‌ ನಿಲ್ದಾಣದ ಮುಂದೆ ಮೆರವಣಿಗೆ ನಿಂತಿತ್ತು. ಹುಡುಗರು ಕುಣಿಯುತ್ತಿದ್ದರು. ಹಳೆಯ ಸಿನಿಮಾದ ಹಾಡು. ನಡುವೆ ಸ್ವರ ಮೆಟ್ಟಿಲು ಹತ್ತಿದಂತೆ ಮೇಲೇರಿ ಅಲ್ಲೇ ನಿಲ್ಲಬೇಕು. ಆ ಏರು ಉಸ್ತಾದರದು. ಅದನ್ನು ಕೇಳಲೆಂದೇ ಜನ ಈ ಬ್ಯಾಂಡು ಕರೆಸುತ್ತಿದ್ದರು. ಅವತ್ತು ಏರಿದ ಸ್ವರ ಮೇಲೆ ಹೋಗಿ ಹಳೆಯ ಬಟ್ಟೆಯಂತೆ ಹರಿಯಿತು. ಪಕ್ಕದಲ್ಲಿ ನಿಂತವನು ಅದನ್ನು ಹಿಡಿದುಕೊಳ್ಳಬೇಕು. ಜೋಯಲ ಹಿಡಿಯಲು ಹೋದ. ಅವನ ಎದೆಯಲ್ಲೂ ಗಾಳಿ ಸಾಲಲಿಲ್ಲ. ಎರಡೂ ಟ್ರಂಪೆಟ್ ಬಾಯಿ ಮುಚ್ಚಿದವು. ಢೋಲಿನ ಸದ್ದಿನಲ್ಲಿ ಅದು ಮುಳುಗಿ ಹೋಯಿತು; ಕುಣಿಯುವವರಿಗೆ ಗೊತ್ತಾಗಲಿಲ್ಲ. ಉಸ್ತಾದರು ಗೋಡೆಯ ಕಡೆ ತಿರುಗಿ ಟ್ರಂಪೆಟ್ಟಿನ ಬಾಯನ್ನು ತುಂಬ ಹೊತ್ತು ಒರೆಸಿದರು. "ಸಡಿಲ ಆಗ್ಯದ ಇದು," ಅಂದರು, ಯಾರೂ ಕೇಳದಿದ್ದರೂ. ಅದು ಸಡಿಲವಾಗಿರಲಿಲ್ಲ.

ಅದನ್ನು ಹೇಳಿದರೆ ಸಿಗರೇಟು ಬೇಡವೆಂದದ್ದಕ್ಕೆ ಕಾರಣ ಸಿಕ್ಕುತ್ತಿತ್ತು. ಉಸ್ತಾದರಿಗೆ ಮಾತ್ರ ಏನೂ ಉಳಿಯುತ್ತಿರಲಿಲ್ಲ.

ಚೌಬಾರಾದಿಂದ ಹೊರಟ ಆ ಮೆರವಣಿಗೆಯಲ್ಲಿ ಉಸ್ತಾದರು ಒಮ್ಮೆಯೂ ಅವನ ಕಡೆ ನೋಡಲಿಲ್ಲ. ಏರಿನ ಹಾಡನ್ನೇ ಬಾರಿಸಲಿಲ್ಲ.

ಮನೆಯಲ್ಲಿ ಹೆಂಡತಿ ರೂತ ಸಂಗತಿ ಕೇಳಿ, ಹಸನು ಮಾಡುತ್ತಿದ್ದ ಜೋಳ ಬಿಟ್ಟು ಮುಖ ನೋಡಿದಳು. "ಒಂದ್ ದಮ್ ಎಳದಿದ್ರ ಸತ್ತೇನು ಹೋಗ್ತಿದ್ರಿ? ಇಷ್ಟ ದಿನ ನಾ ಬ್ಯಾಡಂದಾಗ 'ಅದು ಸಿಗರೇಟಲ್ಲ, ಸಂಬಂಧ' ಅಂದವರು ನೀವೇ ಅಲ್ರಿ?"

"ಹೌದು, ಅಂದಿದ್ದೆ."

"ಈಗ?"

"ಈಗೂ ಸಂಬಂಧಾನೇ."

ರೂತ ಮುಂದೆ ಕೇಳಲಿಲ್ಲ. ಗಂಡ ಮಾತು ನಿಲ್ಲಿಸಿದನೆಂದರೆ ಅಲ್ಲಿ ಬಾಗಿಲಿಲ್ಲ, ಗೋಡೆಯಿದೆ ಎಂದು ಅವಳಿಗೆ ಗೊತ್ತಿತ್ತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವನು ಟ್ರಂಪೆಟ್ ಹಿಡಿದು ಕೋಟೆಯ ಹಿಂದಿನ ಬಯಲಿಗೆ ಹೋಗತೊಡಗಿದ. ಅಲ್ಲಿ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತಿದ್ದ. ಮೊದಮೊದಲು ಮೇಯುವ ಎಮ್ಮೆಗಳು ತಲೆ ಎತ್ತಿ ನೋಡುತ್ತಿದ್ದವು. ಆಮೇಲೆ ಅವೂ ನೋಡುವುದನ್ನು ಬಿಟ್ಟವು. ಅದೇ ದಿನಗಳಲ್ಲಿ ಅವನಿಗೆ ಇನ್ನೊಂದು ತಿಳಿಯಿತು. ಒಬ್ಬನೇ ಇದ್ದಾಗ ನೆನಪಾಗದಿದ್ದದ್ದು ಈಗ ನೆನಪಾಗುತ್ತಿತ್ತು. ಬಿಡುವುದೇನೆಂದು ಕೇಳಿದವನಿಗೆ ಉತ್ತರ ಅಲ್ಲಿತ್ತು. ಗಂಟಲು ಒಣಗುತ್ತಿತ್ತು, ಬೆರಳು ತಾವಾಗಿ ತುಟಿಗೆ ಹೋಗುತ್ತಿದ್ದವು. ಆ ಬೆರಳುಗಳನ್ನು ಟ್ರಂಪೆಟ್ಟಿನ ಮೇಲಿಟ್ಟು ಅವನು ಮತ್ತೆ ಊದುತ್ತಿದ್ದ, ಯಾರ ಮೇಲೋ ಜಿದ್ದು ತೀರಿಸುವವನ ಹಾಗೆ.

ಔರಾದಿನ ಮದುವೆ ಬಂತು. ಟೆಂಪೊದಲ್ಲಿ ದಾರಿಯುದ್ದಕ್ಕೂ ಮಾತು ನಡೆಯಿತು, ಅವನನ್ನು ಬಿಟ್ಟು. ಸಂತಪುರ ದಾಟಿದಾಗ ಅಯ್ಯುಬ ಒಮ್ಮೆ, "ನಮ್ಮ ಪಾದ್ರಿ ಸಾಹೇಬರು ಪ್ರಾರ್ಥನಾ ಮಾಡ್ಲಿಕತ್ತಾರ, ಗದ್ದಲ ಮಾಡಬ್ಯಾಡ್ರೋ," ಅಂದ. ಜೋಯಲ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕುಳಿತ.

ಮಂಗಲ ಕಾರ್ಯಾಲಯದ ಹಿಂದೆ ಚಹಾ ಬಂತು. ಉಸ್ತಾದರು ಕಪ್ಪಿನಿಂದ ಬಸಿಯ ತಟ್ಟೆಗೆ ಸುರಿದುಕೊಂಡು ಅರ್ಧ ಕುಡಿದು, ಬಸಿ ಕಲ್ಲಿನ ಮೇಲಿಟ್ಟು ಸಿಗರೇಟು ಹಚ್ಚಿದರು. ಸುತ್ತು ಶುರುವಾಯಿತು. ಈ ಸಲ ಅಯ್ಯುಬ ಅವನ ಕಡೆ ಚಾಚಲೂ ಇಲ್ಲ. ಜೋಯಲನ ಎದೆಯ ಮುಂದೆ ಕೈ ಹಾಯಿಸಿ ಆಚೆಯವನಿಗೆ ಕೊಟ್ಟ. ಆಚೆಯವನು ತಗ್ಗಿದ ಕಣ್ಣಿನಲ್ಲೇ ತೆಗೆದುಕೊಂಡ.

ಜೋಯಲ ಎರಡು ಹೆಜ್ಜೆ ಮುಂದೆ ಬಂದ. ಕಲ್ಲಿನ ಮೇಲಿದ್ದ ಉಸ್ತಾದರ ಬಸಿ ಎತ್ತಿ, ಅವರು ಬಾಯಿಟ್ಟ ಅಂಚಿಗೇ ಬಾಯಿಟ್ಟು, ಉಳಿದ ಚಹಾ ಕುಡಿದ. ಬೀಗರ ಕಡೆಯ ನಾಲ್ಕಾರು ಜನ ಅಲ್ಲೇ ನಿಂತಿದ್ದರು. ಅವರಿಗೂ ಕಾಣುವ ಹಾಗೆ ಬಸಿಯನ್ನು ಬೋರಲು ಹಾಕಿ ಇಟ್ಟ.

"ಹೊಗಿ ಬಿಟ್ಟೇನ್ರಿ ಚಾಚಾ. ನಿಮ್ಮ ಎಂಜಲಾ ಬಿಟ್ಟಿಲ್ಲ. ಬಿಡಂಗೂ ಇಲ್ಲ. ಹೊಗಿ ಮಾತ್ರ ಇನ್ನ ನೀವಲ್ಲ, ನಮ್ಮಜ್ಜ ಎದ್ದು ಬಂದು ಕೊಟ್ರೂ ಮುಟ್ಟಂಗಿಲ್ಲ."

ಅಯ್ಯುಬನ ಬಾಯಿ ತೆರೆದೇ ಇತ್ತು. ಉಸ್ತಾದರು ಖಾಲಿ ಬಸಿ ನೋಡಿದರು, ಅವನ ಮುಖ ನೋಡಿದರು.

"ಭಾಳ ಮಾತ ಕಲ್ತಿ," ಅಂದರು. "ಇವತ್ತ ಹಿಂದಿನ ಸಾಲಿನಾಗ ನಿಂದ್ರು. ತಾಷಾದವರ ಹಿಂದ."

ತಾಷಾ ಎಂಬ ಪುಟ್ಟ ನಗಾರಿ ಬಾರಿಸುವವರ ಹಿಂದಿನ ಸಾಲೆಂದರೆ ಹೊಸಬರ ಜಾಗ. ಜೋಯಲ ಟ್ರಂಪೆಟ್ ಎತ್ತಿಕೊಂಡು ಹೋಗಿ ನಿಂತ. ಎದ್ದು ಹೋಗಬಹುದಿತ್ತು, ಔರಾದಿನಿಂದ ಬೀದರಿಗೆ ಬಸ್ಸಿಗೇನು ಬರವೇ? ಹೋಗಲಿಲ್ಲ.

ಮೆರವಣಿಗೆ ಪೇಟೆಯ ಬೀದಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಮದುಮಗಳ ಸೋದರಮಾವ ಮುಂದೆ ಬಂದು ಅದೇ ಹಾಡು ಕೇಳಿದ. ಉಸ್ತಾದರು ಬೇರೆ ಹಾಡು ಶುರು ಮಾಡಿದರು. ಅವನು ಬಿಡಲಿಲ್ಲ. "ನಿಮ್ಮ ಹೆಸ್ರು ಕೇಳೇ ಕರಸೀವ್ರಿ ಉಸ್ತಾದ," ಅಂದ. ಹಿಂದಿನಿಂದ ಜೋಯಲನಿಗೆ ಉಸ್ತಾದರ ಬೆನ್ನಷ್ಟೇ ಕಾಣುತ್ತಿತ್ತು. ಕೋಟು ಹೆಗಲ ಮೇಲೆ ಹಿಗ್ಗಿತು, ಕುಗ್ಗಿತು. ಹಾಡು ಶುರುವಾಯಿತು.

ಏರು ಬಂತು. ಉಸ್ತಾದರ ಸ್ವರ ಹತ್ತಿತು, ಇನ್ನೂ ಹತ್ತಿತು. ತುದಿಯ ಹತ್ತಿರ ನಡುಗಿತು. ಅದು ಹರಿಯುವ ಮೊದಲೇ ತಾಷಾದವರ ಹಿಂದಿನಿಂದ ಇನ್ನೊಂದು ಟ್ರಂಪೆಟ್ ಎದ್ದು ಅದರ ಕೆಳಗೆ ಕೈ ಕೊಟ್ಟಂತೆ ನಿಂತಿತು. ಉಸ್ತಾದರದು ನಿಂತುಹೋದ ಮೇಲೂ ಇದು ನಿಂತಿತ್ತು. ಎಷ್ಟು ಹೊತ್ತೆಂದರೆ ಕುದುರೆಯ ಮೇಲಿದ್ದ ಮದುಮಗ ಮುಸುಕು ಸರಿಸಿ ನೋಡಿದ. ಜನ ಸಿಳ್ಳೆ ಹೊಡೆದರು. ಸೋದರಮಾವ ಓಡಿ ಬಂದು ಉಸ್ತಾದರನ್ನೇ ತಬ್ಬಿಕೊಂಡ. ಸ್ವರ ಮುಗಿಯುವವರೆಗೂ ಟ್ರಂಪೆಟ್ ಅವರ ತುಟಿಯಲ್ಲೇ ಇತ್ತು. ಯಾರಿಗೆ ಗೊತ್ತಾಗಬೇಕು?

ಊಟದ ಹೊತ್ತಿಗೆ ಉಸ್ತಾದರು ಅವನನ್ನು ಕರೆದರು. ಟೆಂಪೊದ ನೆರಳಿನಲ್ಲಿ ಇಬ್ಬರೇ.

"ಹಿಂದ ನಿಂತವ ಏರು ಯಾಕ ಊದಿದಿ? ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ. ನನ್ನ ಬಲ್ಲಿ ಉಸಿರು ಹೆಚ್ಚಾಗಿತ್ತು."

ಉಸ್ತಾದರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಚಹಾ ತರಿಸಿದರು. ಬಸಿಗೆ ಸುರಿದು ಒಂದು ಗುಟುಕು ಕುಡಿದು, ಬಸಿಯನ್ನು ಅವನ ಕಡೆ ತಳ್ಳಿದರು.

"ಮುಂದಿನ ಲಗ್ನ ಕಮಲನಗರದಾಗ ಅದ. ನನ್ನ ಬಾಜೂಕ್ಕ ನಿಂದ್ರು."

ಆಮೇಲೆ ಜೇಬಿನಿಂದ ಸಿಗರೇಟು ತೆಗೆದು ಹಚ್ಚಿ, ಹೊಗೆಯನ್ನು ಅವನಿಗೆ ತಾಗದ ಹಾಗೆ ಆಚೆ ಬಿಟ್ಟರು.

ಜೋಯಲ ಬಸಿ ಎತ್ತಿ ಕುಡಿದ. ಮುಂದೆ ಎಷ್ಟೋ ಮದುವೆಗಳಲ್ಲಿ ಅವರ ಪಕ್ಕದಲ್ಲಿ ನಿಂತ. ಆದರೆ ಭಾಲ್ಕಿಯಲ್ಲಿ ಅವರ ಸ್ವರ ಹರಿದದ್ದನ್ನು ಕೇಳಿಯೇ ತಾನು ಸಿಗರೇಟು ಬಿಟ್ಟೆನೆಂದು ಅವನು ಉಸ್ತಾದರಿಗೆ ಎಂದೂ ಹೇಳಲಿಲ್ಲ.